ದವಡೆ ಕೀಲಿನ ತೊಂದರೆ: ಕಟ್ ಸದ್ದು, ನೋವು, ತೆರೆಯದ ಬಾಯಿ. ಯಾವುದಕ್ಕೆ ಏನು ಮಾಡಬೇಕು?

ಎರಡೂ ತೋರುಬೆರಳನ್ನು ಕಿವಿಯ ತೂತಿನ ಸ್ವಲ್ಪ ಮುಂದೆ ಇಟ್ಟು ಬಾಯಿ ತೆರೆದು ಮುಚ್ಚಿ. ಬೆರಳಿನ ಕೆಳಗೆ ಏನೋ ಒಂದು ಮುಂದಕ್ಕೆ ಜಾರಿ ಹಿಂದಕ್ಕೆ ಬರುತ್ತದಲ್ವಾ, ಅದೇ ದವಡೆಯ ಕೀಲು. ಇದು ಬರೀ ಮಡಚಿ ಬಿಚ್ಚುವ ಕೀಲಲ್ಲ. ಬಾಯಿ ತೆರೆಯಲು ಶುರು ಮಾಡಿದಾಗ ಮೊದಲು ತಿರುಗುತ್ತದೆ, ಇನ್ನೂ ಅಗಲ ತೆರೆದರೆ ಮುಂದಕ್ಕೆ ಜಾರುತ್ತದೆ. ತಲೆಬುರುಡೆಗೂ ದವಡೆ ಮೂಳೆಗೂ ನಡುವೆ ಮೆತ್ತನೆಯ ಒಂದು ಬಿಲ್ಲೆ ಇದೆ. ಅದೂ ಜೊತೆಗೇ ಜಾರಬೇಕು. ಈ ಬಿಲ್ಲೆ, ಅದರ ಸುತ್ತಲಿನ ಮೂಳೆ, ದವಡೆಯನ್ನು ಎಳೆಯುವ ಸ್ನಾಯುಗಳು, ಈ ಮೂರರಲ್ಲಿ ಒಂದು ಮುನಿಸಿಕೊಂಡರೂ ತೊಂದರೆ ಶುರು.

ಈ ತೊಂದರೆ ಇರುವವರು ಸುಮ್ನೆ ಅಲೆಯುವುದು ಜಾಸ್ತಿ. ಕಿವಿ ನೋವೆಂದು ಕಿವಿ ಡಾಕ್ಟರ ಬಳಿ ಹೋಗುತ್ತಾರೆ. ತಲೆನೋವೆಂದು ಕಣ್ಣು ಪರೀಕ್ಷೆ ಮಾಡಿಸುತ್ತಾರೆ. ಕೆಲವರು ಚೆನ್ನಾಗಿರುವ ಹಲ್ಲನ್ನೇ ಕೀಳಿಸಿಕೊಳ್ಳುತ್ತಾರೆ. ದವಡೆ ಕೀಲಿನ ನೋವು ಬಹುಪಾಲು ಜನರಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸರಳ ಆರೈಕೆಯಿಂದಲೇ ತಗ್ಗುತ್ತದೆ. ಅದಕ್ಕೇ ಇಲ್ಲಿ ಖರ್ಚಿಲ್ಲದ್ದನ್ನು ಮೊದಲು ಹೇಳಿದ್ದೇನೆ. ಒಮ್ಮೆ ಮಾಡಿದರೆ ಹಿಂದಕ್ಕೆ ತರಲಾಗದ್ದನ್ನು ಕೊನೆಗೆ ಇಟ್ಟಿದ್ದೇನೆ. ಆದರೆ ದವಡೆಯಲ್ಲಿ ಕಾಣಿಸಿಕೊಳ್ಳುವ ಎಲ್ಲ ನೋವೂ ಕೀಲಿನದ್ದಲ್ಲ. ಅದನ್ನು ಮೊದಲು ನೋಡಿಬಿಡೋಣ.

ಇವು ಇದ್ದರೆ ಮನೆಮದ್ದು ಬೇಡ, ಆಸ್ಪತ್ರೆಗೆ ಹೊರಡಿ

- ಮೆಟ್ಟಿಲು ಹತ್ತಿದಾಗ, ಬೇಗ ನಡೆದಾಗ ಕೆಳದವಡೆ ಹಿಂಡಿದಂತೆ ನೋಯುತ್ತದೆ, ನಿಂತರೆ ಕಡಿಮೆಯಾಗುತ್ತದೆ. ಅಥವಾ ದವಡೆ ನೋವಿನ ಜೊತೆ ಬೆವರು, ಉಸಿರಾಟದ ಕಷ್ಟ, ಎದೆ ಭಾರ, ತೋಳು ನೋವು ಇದೆ. ಇದು ಹೃದಯದ ನೋವಿರಬಹುದು. ಹೆಂಗಸರಿಗೆ ಮತ್ತು ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಇಲ್ಲದೆ ಹೀಗೆ ಬರಬಹುದು. ನಡೆದಾಗ ಬಂದು ನಿಂತರೆ ಹೋಗುವ ನೋವನ್ನು ಅದೇ ದಿನ ಡಾಕ್ಟರಿಗೆ ತೋರಿಸಿ. ನೋವು ನಿಲ್ಲದಿದ್ದರೆ ಅಥವಾ ಬೆವರು, ಉಸಿರುಕಟ್ಟು ಇದ್ದರೆ ಕೂಡಲೇ 108ಕ್ಕೆ ಕರೆ ಮಾಡಿ.
- ಕೆಲವು ದಿನಗಳ ಅಥವಾ ವಾರಗಳ ಹಿಂದೆ ಗಾಯವಾಗಿತ್ತು, ಈಗ ದವಡೆ ಬಿಗಿಯುತ್ತಿದೆ, ಕುತ್ತಿಗೆ ಸೆಟೆಯುತ್ತಿದೆ, ನುಂಗಲು ಆಗುತ್ತಿಲ್ಲ. ಧನುರ್ವಾಯು ಶುರುವಾಗುವುದು ಹೀಗೆಯೇ. ಮೊಳೆ ಚುಚ್ಚಿದ್ದು, ಹೊಲದಲ್ಲಿ ಕಾಲು ಕೊಯ್ದುಕೊಂಡದ್ದು ಮರೆತೇ ಹೋಗಿರಬಹುದು, ನೆನಪಿಸಿಕೊಳ್ಳಿ.
- ಜ್ವರ ಇದೆ, ಕೆನ್ನೆ ಅಥವಾ ಗಲ್ಲದ ಕೆಳಗೆ ಬಾವು ಇದೆ, ಬಾಯಿ ತೆರೆಯಲಾಗದು, ಎಂಜಲು ನುಂಗಲೂ ಕಷ್ಟ. ಹಲ್ಲಿನ ಬುಡದ ಕೀವು ಕುತ್ತಿಗೆಗೆ ಇಳಿಯುತ್ತಿರಬಹುದು, ಉಸಿರಿಗೇ ಅಪಾಯ.
- ಬಿದ್ದು ಅಥವಾ ಬೈಕ್ ಅಪಘಾತದಲ್ಲಿ ಗಲ್ಲಕ್ಕೆ ಏಟು ಬಿದ್ದಿದೆ, ಆಮೇಲೆ ಹಲ್ಲುಗಳು ಮೊದಲಿನಂತೆ ಕೂಡುತ್ತಿಲ್ಲ. ಕಿವಿಯ ಮುಂದಿನ ಮೂಳೆ ಮುರಿದಿರಬಹುದು.
- ವಯಸ್ಸು 50 ದಾಟಿದೆ, ಅಗಿಯಲು ಶುರು ಮಾಡಿ ಸ್ವಲ್ಪ ಹೊತ್ತಿಗೆ ದವಡೆ ಸೋತು ನೋಯುತ್ತದೆ, ಹೊಸದಾಗಿ ತಲೆನೋವು ಬಂದಿದೆ, ತಲೆ ಬಾಚಿದರೂ ನೋವು, ಕಣ್ಣು ಮಂಜಾಗುತ್ತದೆ. ತಲೆಯ ರಕ್ತನಾಳದ ಉರಿಯೂತ ಇದು. ನಮ್ಮಲ್ಲಿ ಅಪರೂಪ, ಆದರೆ ತಡ ಮಾಡಿದರೆ ಕಣ್ಣು ಹೋಗಬಹುದು.

ಇನ್ನೊಂದು, ತುರ್ತಲ್ಲದಿದ್ದರೂ ಬೇರೆಯೇ ಕಾಯಿಲೆ. ಮುಖ ತೊಳೆದಾಗ, ಹಲ್ಲುಜ್ಜಿದಾಗ, ಗಾಳಿ ತಾಗಿದಾಗ ಕರೆಂಟ್ ಹೊಡೆದಂತೆ ಕೆಲವೇ ಸೆಕೆಂಡು ಛಳಕ್ ಅನ್ನುವ ನೋವು. ಇದು ಮುಖದ ನರದ ನೋವು, ಕೀಲಿನದ್ದಲ್ಲ. ಇದಕ್ಕೆ ನರರೋಗ ತಜ್ಞರು ಕೊಡುವ ಮಾತ್ರೆ ಬೇಕು. ಹಲ್ಲು ಕೀಳಿಸಿದರೆ ನೋವು ಹೋಗುವುದಿಲ್ಲ.

ಕನ್ನಡಿ ಮುಂದೆ ಐದು ನಿಮಿಷ

ಮೇಲಿನ ಯಾವುದೂ ಇಲ್ಲ ಅಂದರೆ ಕನ್ನಡಿ ಮುಂದೆ ನಿಲ್ಲಿ. ಇಲ್ಲಿ ಕಂಡದ್ದನ್ನು ಬರೆದಿಟ್ಟುಕೊಳ್ಳಿ, ಡಾಕ್ಟರಿಗೂ ಇದೇ ಬೇಕು.

ಮೊದಲು ಬಾಯಿ ಎಷ್ಟು ತೆರೆಯುತ್ತದೆ ನೋಡಿ. ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರ ಬೆರಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಡಿ. ಮೂರೂ ಹಿಡಿದರೆ ಸರಿ. ಸ್ಕೇಲಿನಲ್ಲಿ ಅಳೆದರೆ ದೊಡ್ಡವರಿಗೆ ಸಾಮಾನ್ಯವಾಗಿ 35ರಿಂದ 55 ಮಿ.ಮೀ. ಇರುತ್ತದೆ. ಎರಡೇ ಬೆರಳು ಹಿಡಿದರೆ ಏನೋ ತಡೆ ಇದೆ ಎಂದು ಅರ್ಥ.

ಆಮೇಲೆ ಗಲ್ಲದ ದಾರಿ. ನಿಧಾನವಾಗಿ ಬಾಯಿ ತೆರೆಯಿರಿ. ಗಲ್ಲ ನೇರ ಇಳಿಯುತ್ತದೋ, ಒಂದು ಕಡೆ ಓಡಿ ಮತ್ತೆ ನಡುವಿಗೆ ಬರುತ್ತದೋ, ಅಥವಾ ಕೊನೆಯವರೆಗೂ ಒಂದೇ ಕಡೆ ವಾಲಿರುತ್ತದೋ? ನಡುವಿಗೆ ಮರಳಿದರೆ ಬಿಲ್ಲೆ ಜಾರಿ ಮತ್ತೆ ಜಾಗಕ್ಕೆ ಕೂರುತ್ತಿದೆ ಎಂದು ಅಂದಾಜು. ವಾಲಿಯೇ ಉಳಿದರೆ, ವಾಲಿದ ಕಡೆಯ ಕೀಲು ಮುಂದಕ್ಕೆ ಜಾರುತ್ತಿಲ್ಲ. ಕೆಳದವಡೆಯನ್ನು ಎಡಕ್ಕೆ, ಬಲಕ್ಕೆ ಸರಿಸಿ ನೋಡಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಳತೆ ಸರಿಯಬೇಕು.

ಕೊನೆಗೆ ಒತ್ತಿ ನೋಡುವುದು. ಹಲ್ಲು ಕಚ್ಚಿದಾಗ ಕೆನ್ನೆಯಲ್ಲಿ ಉಬ್ಬುವ ಸ್ನಾಯುವನ್ನು, ಹಣೆಯ ಪಕ್ಕದ ಸ್ನಾಯುವನ್ನು, ಕಿವಿ ಮುಂದಿನ ಕೀಲನ್ನು ಒಂದೊಂದಾಗಿ ಒತ್ತಿ. ಗಟ್ಟಿಯಾಗಿ ಒತ್ತಿದರೆ ಯಾರಿಗಾದರೂ ನೋಯುತ್ತದೆ. ಕೇಳಿಕೊಳ್ಳಬೇಕಾದ್ದು ಒಂದೇ: "ನನ್ನನ್ನು ಕಾಡುವ ನೋವು ಇದೇನಾ?" ಹೌದು ಅನ್ನಿಸಿದ ಜಾಗವೇ ಮೂಲ ಇರಬಹುದು. ತಜ್ಞರು ಬಳಸುವ, 2014ರಲ್ಲಿ ಬಂದ ಅಂತರರಾಷ್ಟ್ರೀಯ ಪರೀಕ್ಷಾ ಕ್ರಮದಲ್ಲೂ ಇದೇ ಪ್ರಶ್ನೆಗೆ ದೊಡ್ಡ ಬೆಲೆ ಇದೆ.

ಕಟ್ ಅನ್ನುತ್ತದೆ, ಆದರೆ ನೋವಿಲ್ಲ

ಏನೂ ಮಾಡಬೇಡಿ. ಬಿಲ್ಲೆ ಸ್ವಲ್ಪ ಮುಂದೆ ಸರಿದಿದೆ, ಬಾಯಿ ತೆರೆದಾಗ ಮೂಳೆ ಅದರ ಮೇಲೆ ಹತ್ತಿ ಕೂರುವ ಸದ್ದು ಅದು. ಬಹಳ ಜನರಿಗೆ ಇದು ಇರುತ್ತದೆ, ವರ್ಷಗಟ್ಟಲೆ ಹಾಗೇ ಇರುತ್ತದೆ, ತೊಂದರೆ ಕೊಡುವುದಿಲ್ಲ. ನೋವಿಲ್ಲದ ಸದ್ದಿಗೆ ಎಂಆರ್‌ಐ ಬೇಡ, ಚಿಕಿತ್ಸೆ ಬೇಡ. ಸದ್ದು ಬರುತ್ತದೋ ನೋಡೋಣ ಎಂದು ಮತ್ತೆ ಮತ್ತೆ ದವಡೆ ಆಡಿಸುವ ಅಭ್ಯಾಸ ಮಾತ್ರ ಬಿಡಿ.

ಒಂದೇ ಎಚ್ಚರಿಕೆ. ಸದ್ದಿನ ಜೊತೆ ದವಡೆ ಆಗಾಗ ಕ್ಷಣಕಾಲ ಸಿಕ್ಕಿಕೊಳ್ಳುತ್ತಿದ್ದರೆ, ಅಥವಾ ವರ್ಷಗಳಿಂದ ಇದ್ದ ಸದ್ದು ಇದ್ದಕ್ಕಿದ್ದಂತೆ ನಿಂತು ಬಾಯಿ ಸರಿಯಾಗಿ ತೆರೆಯದಿದ್ದರೆ, ಅದು ವಾಸಿಯಾದ ಗುರುತಲ್ಲ. ಕೆಳಗೆ "ಬಾಯಿ ಅರ್ಧಕ್ಕೆ ನಿಲ್ಲುತ್ತದೆ" ಭಾಗ ಓದಿ.

ಬೆಳಿಗ್ಗೆ ದವಡೆ ಬಿಗಿ, ಅಥವಾ ಸಂಜೆಗೆ ನೋವು

ದವಡೆ ನೋವಿನಲ್ಲಿ ತುಂಬಾ ಸಾಮಾನ್ಯವಾದದ್ದು ಇದು. ಇದು ಹೆಚ್ಚಾಗಿ ಸ್ನಾಯುವಿನ ನೋವು. ಯಾವ ಹೊತ್ತಿಗೆ ಜಾಸ್ತಿ ಎಂಬುದರಲ್ಲೇ ಸುಳಿವು ಇದೆ.

ಎದ್ದ ಕೂಡಲೇ ಕೆನ್ನೆ ಬಿಗಿ, ಹಣೆ ಪಕ್ಕ ನೋವು ಇದ್ದರೆ ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿರಬಹುದು. ಪಕ್ಕದಲ್ಲಿ ಮಲಗುವವರನ್ನು ಕೇಳಿ. ಹಲ್ಲಿನ ತುದಿ ಸವೆದು ಚಪ್ಪಟೆಯಾಗಿದೆಯಾ, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು ಇದೆಯಾ ನೋಡಿ. ಜೋರು ಗೊರಕೆ ಇದ್ದರೆ, ಹಗಲೆಲ್ಲ ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯನ್ನೂ ಪರೀಕ್ಷಿಸಿಕೊಳ್ಳಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹಲ್ಲು ಕಡಿಯುವುದು ಹೆಚ್ಚಬಹುದು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರಿಗೆ ಹೇಳಿ.

ಸಂಜೆಗೆ ನೋವು ಏರಿದರೆ ಹಗಲು ಹಲ್ಲು ಕಚ್ಚಿ ಕೂತಿರುತ್ತೀರಿ. ಕಂಪ್ಯೂಟರ್ ಮುಂದೆ, ಟ್ರಾಫಿಕ್‌ನಲ್ಲಿ, ಲೆಕ್ಕ ಬರೆಯುವಾಗ, ಹೊಲಿಗೆ ಹಾಕುವಾಗ ಇದು ಗೊತ್ತೇ ಆಗುವುದಿಲ್ಲ. ಈ ಸಾಲು ಓದುವಾಗ ನಿಮ್ಮ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿದೆಯಾ? ತಾಗಿದ್ದರೆ ಬಿಡಿಸಿ. ಅಗಿಯುವಾಗ, ಎಂಜಲು ನುಂಗುವಾಗ ಬಿಟ್ಟರೆ ಹಲ್ಲು ಹಲ್ಲಿಗೆ ತಾಗುವ ಅಗತ್ಯವೇ ಇಲ್ಲ. ತುಟಿ ಮುಚ್ಚಿ, ಹಲ್ಲು ಬಿಡಿಸಿ, ನಾಲಿಗೆಯ ತುದಿ ಮೇಲಿನ ಮುಂಬಲ್ಲಿನ ಹಿಂದೆ ಹಗುರವಾಗಿ ಇರಲಿ. ದವಡೆಗೆ ವಿಶ್ರಾಂತಿ ಅಂದರೆ ಇದು. ಮೊಬೈಲಿನಲ್ಲಿ ಗಂಟೆಗೊಮ್ಮೆ ಅಲಾರಂ ಇಟ್ಟು ನೋಡಿಕೊಳ್ಳಿ. ಪೈಸೆ ಖರ್ಚಿಲ್ಲ, ಆದರೆ ಈ ಒಂದು ಅಭ್ಯಾಸ ಬಹಳ ಜನರಿಗೆ ಮಾತ್ರೆಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಇದರ ಜೊತೆ ಎರಡು ಮೂರು ವಾರ ಹೀಗೆ ಮಾಡಿ:

- ಊಟ ಮೆತ್ತಗಿರಲಿ. ಇಡ್ಲಿ, ಮೊಸರನ್ನ, ಪೊಂಗಲ್, ಗಂಜಿ, ಉಪ್ಪಿಟ್ಟು ಎಲ್ಲ ಸರಿ. ರಾಗಿ ಮುದ್ದೆ ತಿನ್ನುವವರಿಗೆ ಇನ್ನೂ ಸುಲಭ, ಅಗಿಯುವ ಕೆಲಸವೇ ಇಲ್ಲ. ಖಡಕ್ ರೊಟ್ಟಿ, ಚಕ್ಕುಲಿ, ಕೋಡುಬಳೆ, ಹುರಿಗಾಳು, ಕಬ್ಬು, ಚೂಯಿಂಗ್ ಗಮ್ ಸದ್ಯಕ್ಕೆ ಬೇಡ. ಜೋಳದ ರೊಟ್ಟಿ ಬೇಕೇ ಬೇಕು ಅಂದರೆ ಬಿಸಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಿ.
- ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಗೆ 10ರಿಂದ 15 ನಿಮಿಷ, ದಿನಕ್ಕೆ ಎರಡು ಸಲ ಇಡಿ. ಚರ್ಮ ಸುಡಬಾರದು. ಏಟು ಬಿದ್ದು ಅಥವಾ ಅತಿಯಾಗಿ ಬಾಯಿ ತೆರೆದು ಈಗಷ್ಟೇ ಶುರುವಾದ ನೋವಾದರೆ ಮೊದಲ ಒಂದೆರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ವಾಸಿ.
- ಆಕಳಿಸುವಾಗ ಗಲ್ಲದ ಕೆಳಗೆ ಮುಷ್ಟಿ ಕೊಡಿ. ಉಗುರು ಕಚ್ಚುವುದು, ಪೆನ್ನು ಕಚ್ಚುವುದು, ಬೋರಲು ಮಲಗುವುದು, ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿ ಮಾತಾಡುವುದು ಬಿಡಿ.
- ನಾಲಿಗೆಯ ತುದಿಯನ್ನು ಅಂಗುಳಿಗೆ ಒತ್ತಿಟ್ಟುಕೊಂಡೇ ಎಷ್ಟು ತೆರೆಯುತ್ತದೋ ಅಷ್ಟೇ ಬಾಯಿ ತೆರೆದು ಮುಚ್ಚಿ. ಒಂದು ಸಲಕ್ಕೆ ಆರು ಬಾರಿ ಸಾಕು, ದಿನಕ್ಕೆ ಕೆಲವು ಸಲ ಮಾಡಿ. ನೋವು ಬಂದರೆ ನಿಲ್ಲಿಸಿ. ನೋವು ಸಹಿಸಿ ಮಾಡುವ ವ್ಯಾಯಾಮ ಇದಲ್ಲ.

ನೋವು ತಡೆಯಲಾಗದಿದ್ದರೆ ದೊಡ್ಡವರು ಪ್ಯಾರಾಸಿಟಮಾಲ್ 650 ಮಿ.ಗ್ರಾಂ. ಮಾತ್ರೆಯನ್ನು ಆರು ಗಂಟೆಗಳ ಅಂತರದಲ್ಲಿ, ಕೆಲವೇ ದಿನ ತೆಗೆದುಕೊಳ್ಳಬಹುದು. ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರು ಮೊದಲು ಡಾಕ್ಟರನ್ನು ಕೇಳಬೇಕು. ಐಬುಪ್ರೊಫೆನ್ ಥರದ ಮಾತ್ರೆಯನ್ನು ಹೊಟ್ಟೆ ಹುಣ್ಣು, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಬಸುರಿಯರು ಕೇಳದೆ ತೆಗೆದುಕೊಳ್ಳಬಾರದು. ಡೆಂಗಿ ಇರಬಹುದು ಅನ್ನಿಸುವ ಜ್ವರ ಇದ್ದಾಗಲೂ ಅದು ಬೇಡ.

ಕಿವಿ ನೋವು, ಆದರೆ ಕಿವಿ ಚೆನ್ನಾಗಿದೆ ಅನ್ನುತ್ತಾರೆ

ಕಿವಿಗೂ ಈ ಕೀಲಿಗೂ ನಡುವೆ ತೆಳುವಾದ ಗೋಡೆ ಅಷ್ಟೇ. ಕಿವಿಯಿಂದ ಸೋರಿಕೆ ಇಲ್ಲ, ಕೇಳಿಸುವುದು ಸರಿಯಿದೆ, ಅಗಿದಾಗ ನೋವು ಹೆಚ್ಚುತ್ತದೆ, ಕಿವಿ ಮುಂದೆ ಒತ್ತಿದರೆ ಅದೇ ನೋವು ಬರುತ್ತದೆ ಅಂದರೆ ಕೀಲನ್ನೇ ಅನುಮಾನಿಸಿ, ಮೇಲಿನ ಆರೈಕೆ ಶುರು ಮಾಡಿ. ಆದರೂ ಕಿವಿಯನ್ನು ಒಮ್ಮೆ ತೋರಿಸಿಯೇ ಈ ತೀರ್ಮಾನಕ್ಕೆ ಬರಬೇಕು. ಅಡಿಕೆ, ತಂಬಾಕು ಹಾಕುವವರಿಗೆ ಒಂದೇ ಕಿವಿ ಬಿಡದೆ ನೋಯುತ್ತಿದ್ದರೆ ಬಾಯಿ, ಗಂಟಲನ್ನೂ ನೋಡಿಸಬೇಕು. ಅಲ್ಲಿನ ಗಡ್ಡೆಯ ನೋವು ಕಿವಿಯಲ್ಲಿ ಕಾಣಿಸಿಕೊಳ್ಳಬಹುದು. ಕಿವಿಗೆ ಬಿಸಿ ಎಣ್ಣೆ ಬಿಡುವುದು ಬೇಡವೇ ಬೇಡ.

ಬಾಯಿ ಅರ್ಧಕ್ಕೆ ನಿಲ್ಲುತ್ತದೆ

ಎಲ್ಲಕ್ಕಿಂತ ಹುಷಾರಾಗಿ ನೋಡಬೇಕಾದ ಲಕ್ಷಣ ಇದು. ಹೊರಗೆ ಒಂದೇ ಥರ ಕಂಡರೂ ಒಳಗೆ ಕಾರಣ ಬೇರೆ ಬೇರೆ.

ನಿನ್ನೆವರೆಗೂ ಕಟ್ ಅನ್ನುತ್ತಿದ್ದ ಕೀಲು ಇವತ್ತು ಸದ್ದಿಲ್ಲದೆ ಎರಡು ಬೆರಳಿಗೇ ನಿಂತಿದೆ, ಗಲ್ಲ ನೋವಿರುವ ಕಡೆಗೇ ವಾಲುತ್ತದೆ, ದವಡೆಯನ್ನು ಇನ್ನೊಂದು ಕಡೆಗೆ ಸರಿಸಲು ಆಗುತ್ತಿಲ್ಲ. ಜಾರಿದ ಬಿಲ್ಲೆ ದಾರಿಗೆ ಅಡ್ಡ ಕೂತಿದೆ ಎಂದು ಅರ್ಥ. ಬೇಗ ತೋರಿಸಿದಷ್ಟೂ ಒಳ್ಳೆಯದು. ಮೊದಲ ದಿನಗಳಲ್ಲಿ ತಜ್ಞರು ಕೈಯಿಂದಲೇ ಬಿಡಿಸಲು ಪ್ರಯತ್ನಿಸಬಹುದು. ಬಿಲ್ಲೆ ಜಾಗಕ್ಕೆ ಬರದಿದ್ದರೂ ವ್ಯಾಯಾಮದಿಂದ ಬಾಯಿ ನಿಧಾನವಾಗಿ ತೆರೆದುಕೊಳ್ಳುವುದು ಸಾಮಾನ್ಯ. ನೀವೇ ಬಲವಂತವಾಗಿ ಎಳೆಯಬೇಡಿ.

ಹಿಂದಿನ ವಾರ ಹಲ್ಲಿಗೆ ಇಂಜೆಕ್ಷನ್ ಕೊಟ್ಟಿದ್ದರು, ಆಮೇಲೆ ಬಿಗಿಯಾಯಿತು ಅಂದರೆ ಸೂಜಿ ತಾಗಿದ ಸ್ನಾಯು ಸೆಳೆದಿರಬಹುದು. ಬಿಸಿ ಶಾಖ, ಹಗುರ ವ್ಯಾಯಾಮದಿಂದ ಕಡಿಮೆಯಾಗುತ್ತದೆ. ಆದರೂ ಚಿಕಿತ್ಸೆ ಕೊಟ್ಟವರಿಗೆ ಫೋನ್ ಮಾಡಿ ತಿಳಿಸಿ. ಕೊನೆಯ ದವಡೆ ಹಲ್ಲಿನ ಹಿಂದೆ ಒಸಡು ಊದಿ ಕೆಟ್ಟ ರುಚಿ ಬರುತ್ತಿದ್ದರೆ ಬುದ್ಧಿ ಹಲ್ಲಿನ ಸೋಂಕು.

ಇನ್ನು ಅಡಿಕೆ. ಇದನ್ನು ಬಿಡಿಸಿ ಹೇಳಲೇಬೇಕು. ಬಾಯಿ ತಿಂಗಳಿಂದ ತಿಂಗಳಿಗೆ ನಿಧಾನವಾಗಿ ಚಿಕ್ಕದಾಗುತ್ತಾ ಬಂದಿದೆ, ಖಾರ ತಿಂದರೆ ಉರಿ, ಕೆನ್ನೆಯ ಒಳಭಾಗ ಬಿಳಚಿಕೊಂಡಿದೆ, ಬೆರಳಿಟ್ಟರೆ ನಾರಿನಂತೆ ಗಟ್ಟಿ ಪಟ್ಟಿ ಸಿಗುತ್ತದೆ, ನಾಲಿಗೆ ಪೂರ್ತಿ ಹೊರಗೆ ಬರುತ್ತಿಲ್ಲ. ಕೀಲಿನಲ್ಲಿ ನೋವಿಲ್ಲ, ಸದ್ದಿಲ್ಲ, ಗಲ್ಲ ಹೆಚ್ಚಾಗಿ ನೇರವೇ ಇಳಿಯುತ್ತದೆ. ಇದು ಕೀಲಿನ ಕಾಯಿಲೆ ಅಲ್ಲವೇ ಅಲ್ಲ. ಅಡಿಕೆ ಅಗಿದು ಅಗಿದು ಬಾಯಿಯ ಒಳಚರ್ಮದ ಕೆಳಗೆ ನಾರು ಕಟ್ಟುವ ಕಾಯಿಲೆ. ಡಾಕ್ಟರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. ಇದರಿಂದ ಬಾಯಿ ಕ್ಯಾನ್ಸರ್ ಬರುವ ಅಪಾಯ ಇದೆ.

ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಮಲೆನಾಡಿನ, ಕರಾವಳಿಯ ಎಷ್ಟೋ ಮನೆಗಳ ಬದುಕು ಅದರ ಮೇಲೆ ನಿಂತಿದೆ. ಮನೆಗೆ ಬಂದವರಿಗೆ ತಟ್ಟೆಯಲ್ಲಿ ಎಲೆ ಅಡಿಕೆ ಕೊಡುವುದು ಮರ್ಯಾದೆ. ಹಾಗಾಗಿ "ನಾನು ತಂಬಾಕು ಹಾಕುವುದಿಲ್ಲ, ಬರೀ ಅಡಿಕೆ" ಎಂದು ಧೈರ್ಯವಾಗಿರುವವರು ಬಹಳ. ಆದರೆ ಈ ನಾರು ಕಟ್ಟಲು ತಂಬಾಕು ಬೇಕಿಲ್ಲ, ಅಡಿಕೆಯೊಂದೇ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ಗುರುತಿಸಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಪಾನ್ ಮಸಾಲಾ, ಸಿಹಿ ಸುಪಾರಿಯಲ್ಲಿ ಇರುವುದೂ ಅಡಿಕೆಯೇ. ಮಕ್ಕಳ ಕೈಗೆ ಸಿಹಿ ಸುಪಾರಿ ಕೊಡಬೇಡಿ.

ಇದಕ್ಕೆ ಮೊದಲ ಚಿಕಿತ್ಸೆ ಇವತ್ತೇ ಅಡಿಕೆ ನಿಲ್ಲಿಸುವುದು. ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲ, ಆದರೆ ಮುಂದೆ ಬೆಳೆಯುವುದನ್ನು ತಡೆಯಬಹುದು. ಇಂಜೆಕ್ಷನ್, ಬಾಯಿ ತೆರೆಯುವ ವ್ಯಾಯಾಮ, ತೀರಾ ಬಿಗಿಯಾದರೆ ಆಪರೇಷನ್ ಇದೆ. ಆಮೇಲೂ ಬಾಯಿಯನ್ನು ಆಗಾಗ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಎರಡು ವಾರವಾದರೂ ಆರದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು ಕಂಡರೆ ಒಂದು ದಿನವೂ ಕಾಯಬೇಡಿ.

ತೆರೆದ ಬಾಯಿ ಮುಚ್ಚುತ್ತಿಲ್ಲ

ದೊಡ್ಡದಾಗಿ ಆಕಳಿಸಿದಾಗ, ಜೋರಾಗಿ ನಕ್ಕಾಗ, ಹಲ್ಲಿನ ಚಿಕಿತ್ಸೆಗೆ ಬಹಳ ಹೊತ್ತು ಬಾಯಿ ತೆರೆದಾಗ ಕೀಲು ಮುಂದಕ್ಕೆ ದಾಟಿ ಸಿಕ್ಕಿಕೊಂಡಿದೆ. ಮಾತು ಬಾರದು, ಜೊಲ್ಲು ಸುರಿಯುತ್ತದೆ, ಗಾಬರಿಯಾಗುತ್ತದೆ. ಪ್ರಾಣಾಪಾಯ ಇಲ್ಲ, ಆದರೆ ತಡ ಮಾಡಿದಷ್ಟೂ ಸ್ನಾಯು ಬಿಗಿದು ಕೂರಿಸುವುದು ಕಷ್ಟ. ಸ್ವಲ್ಪ ಮುಂದೆ ಬಾಗಿ ಕೂತು ಜೊಲ್ಲು ಹೊರಗೆ ಹೋಗಲು ಬಿಡಿ. ಗಲ್ಲಕ್ಕೆ ಬಟ್ಟೆಯ ಆಸರೆ ಕೊಡಿ. ನೀರು, ಊಟ ಬೇಡ. ಹತ್ತಿರದ ಆಸ್ಪತ್ರೆಗೆ ಹೋಗಿ. ಡಾಕ್ಟರು ದವಡೆಯನ್ನು ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳಿ ಕೂರಿಸುತ್ತಾರೆ. ಮನೆಯವರು, ಮೂಳೆ ಕೂರಿಸುವ ನಾಟಿ ವೈದ್ಯರು ಇದಕ್ಕೆ ಕೈ ಹಾಕಬಾರದು. ಮೂಳೆ ಮುರಿಯಬಹುದು, ದವಡೆ ಥಟ್ಟನೆ ಮುಚ್ಚಿ ಬೆರಳೂ ಸಿಕ್ಕಬಹುದು. ಕೂರಿಸಿದ ಮೇಲೆ ಎರಡು ಮೂರು ವಾರ ಅಗಲ ಬಾಯಿ ತೆರೆಯಬೇಡಿ.

ವಾಂತಿಗೆ ಮೆಟೊಕ್ಲೋಪ್ರಮೈಡ್‌ನಂಥ ಔಷಧ ಕೊಟ್ಟ ಮೇಲೆ ದವಡೆ ಒಂದು ಕಡೆ ಎಳೆದು, ಕುತ್ತಿಗೆ ತಿರುಚಿ, ಕಣ್ಣು ಮೇಲಕ್ಕೆ ಹೋದರೆ ಅದು ಔಷಧದ ಪರಿಣಾಮ, ಕೀಲು ಜಾರಿದ್ದಲ್ಲ. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್‌ಗೆ ಸರಿಹೋಗುತ್ತದೆ. ಆ ಔಷಧದ ಚೀಟಿ ಜೊತೆಗೆ ಒಯ್ಯಿರಿ.

ಮರಳು ಉಜ್ಜಿದಂತೆ ಕರಕರ

ಇದು ಕಟ್ ಸದ್ದಲ್ಲ, ಕೀಲು ಸವೆದ ಸದ್ದು. ವಯಸ್ಸಾದವರಲ್ಲಿ ಸಾಮಾನ್ಯ. ನೋವಿಲ್ಲದಿದ್ದರೆ ಬಿಟ್ಟುಬಿಡಿ. ಜೊತೆಗೆ ಬೆರಳಿನ ಗಂಟುಗಳೂ ಬೆಳಿಗ್ಗೆ ಬಿಗಿದಿದ್ದರೆ, ಅಥವಾ ಮುಂಬಲ್ಲುಗಳ ನಡುವೆ ಹೊಸದಾಗಿ ಸಂದು ಬಿಡುತ್ತಿದ್ದರೆ ಸಂಧಿವಾತ ಇರಬಹುದು, ರಕ್ತ ಪರೀಕ್ಷೆ ಬೇಕು.

ಮಗು ಬಿದ್ದು ಗಲ್ಲಕ್ಕೆ ಏಟಾಗಿದೆ

ಗಲ್ಲದ ಗಾಯಕ್ಕೆ ಹೊಲಿಗೆ ಹಾಕಿಸಿ ಮರೆತುಬಿಡಬೇಡಿ. ಏಟಿನ ಬಲ ಕಿವಿ ಮುಂದಿನ ಕೀಲಿಗೆ ಹೋಗುತ್ತದೆ. ಅಲ್ಲಿ ಮುರಿದದ್ದು ಗೊತ್ತಾಗದೆ ಹೋದರೆ ಕೀಲು ಮೂಳೆಯಾಗಿ ಅಂಟಿಕೊಳ್ಳಬಹುದು. ಆಮೇಲೆ ಬಾಯಿ ತೆರೆಯುವುದಿಲ್ಲ, ದವಡೆಯೂ ಬೆಳೆಯುವುದಿಲ್ಲ. ಏಟು ಬಿದ್ದ ದಿನವೇ ಕೀಲನ್ನು ಪರೀಕ್ಷೆ ಮಾಡಿಸಿ. ಮುಂದಿನ ತಿಂಗಳುಗಳಲ್ಲೂ ಮಗುವಿನ ಬಾಯಿ ಎಷ್ಟು ತೆರೆಯುತ್ತದೆ ನೋಡುತ್ತಿರಿ.

ಮನೆ ಆರೈಕೆ ಸಾಲಲಿಲ್ಲ. ಮುಂದೆ?

ಮೂರು ನಾಲ್ಕು ವಾರ ಸರಿಯಾಗಿ ಮಾಡಿಯೂ ಕಡಿಮೆಯಾಗದಿದ್ದರೆ ತೋರಿಸಿ. ಡೆಂಟಲ್ ಕಾಲೇಜುಗಳಲ್ಲಿ ಓರಲ್ ಮೆಡಿಸಿನ್ ವಿಭಾಗ, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ವಿಭಾಗ ಇರುತ್ತದೆ. ಈ ತೊಂದರೆಗೆ ಅದೇ ಸರಿಯಾದ ಜಾಗ, ಖರ್ಚೂ ಕಡಿಮೆ. ಬೆಂಗಳೂರಿನಲ್ಲಿ ಸರ್ಕಾರಿ ಡೆಂಟಲ್ ಕಾಲೇಜೇ ಇದೆ. ಸಾದಾ ಎಕ್ಸ್-ರೇಯಲ್ಲಿ ಮೂಳೆ ಮಾತ್ರ ಕಾಣುತ್ತದೆ. ಬಿಲ್ಲೆ ಕಾಣಲು ಎಂಆರ್‌ಐ ಬೇಕು. ಆದರೆ ನೋವೇ ಇಲ್ಲದ ಎಷ್ಟೋ ಜನರ ಎಂಆರ್‌ಐಯಲ್ಲೂ ಬಿಲ್ಲೆ ಸರಿದಿರುತ್ತದೆ. ಹಾಗಾಗಿ ವರದಿ ನೋಡಿ ಹೆದರಬೇಡಿ.

1934ರಲ್ಲಿ ಅಮೆರಿಕದ ಜೇಮ್ಸ್ ಕಾಸ್ಟನ್ ಎಂಬ ಕಿವಿ-ಮೂಗು-ಗಂಟಲು ವೈದ್ಯರು, ಹಲ್ಲು ಉದುರಿ ದವಡೆಗಳು ಕೂಡುವ ರೀತಿ ಕೆಟ್ಟದ್ದರಿಂದಲೇ ಈ ನೋವು ಎಂದು ಬರೆದರು. ಅದರ ಬೆನ್ನಿಗೆ ದಶಕಗಳ ಕಾಲ ಹಲ್ಲನ್ನು ಯಂತ್ರದಿಂದ ಸವೆಸಿ ಸರಿಪಡಿಸುವ ಚಿಕಿತ್ಸೆ ನಡೆಯಿತು. ಆ ವಾದ ಮುಂದಿನ ಸಂಶೋಧನೆಗಳಲ್ಲಿ ನಿಲ್ಲಲಿಲ್ಲ. ಆದರೂ "ಹಲ್ಲನ್ನು ಸ್ವಲ್ಪ ಸವೆಸಿದರೆ ಕೀಲು ಸರಿಹೋಗುತ್ತದೆ", "ಕ್ಲಿಪ್ ಹಾಕಿದರೆ ಹೋಗುತ್ತದೆ" ಅನ್ನುವ ಮಾತು ಇವತ್ತಿಗೂ ಕೇಳಿಸುತ್ತದೆ. ಬರೀ ಕೀಲು ನೋವಿಗೆ ಅದಕ್ಕೆ ಒಪ್ಪಬೇಡಿ. ಸವೆಸಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. 2023ರಲ್ಲಿ ಬ್ರಿಟನ್ನಿನ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆ ದೀರ್ಘಕಾಲದ ದವಡೆ ನೋವಿಗೆ ಪ್ರಕಟಿಸಿದ ಮಾರ್ಗಸೂಚಿ ಮುಂದಿಟ್ಟದ್ದು ಮೇಲ್ವಿಚಾರಣೆಯ ವ್ಯಾಯಾಮ, ಫಿಸಿಯೋಥೆರಪಿಯಂಥ ಕೈ ಚಿಕಿತ್ಸೆ, ಒತ್ತಡ ನಿಭಾಯಿಸುವ ಮಾತಿನ ಚಿಕಿತ್ಸೆ ಮತ್ತು ಮನೆ ಆರೈಕೆಯನ್ನು. ರಾತ್ರಿ ಹಲ್ಲಿಗೆ ಹಾಕುವ ಪ್ಲಾಸ್ಟಿಕ್ ಗಾರ್ಡ್ ಸವೆಯುವ ಹಲ್ಲನ್ನು ಕಾಪಾಡುತ್ತದೆ, ಆದರೆ ನೋವಿಗೆ ಅದೊಂದನ್ನೇ ನಂಬಿ ಕೂರಬೇಡಿ. ಅಂಗಡಿಯಲ್ಲಿ ಸಿಗುವ ಮೆತ್ತನೆಯದ್ದು ಬೇಡ, ಅಳತೆ ತೆಗೆದು ಮಾಡಿಸಿ. ಹಾಕಿದ ಮೇಲೆ ಹಲ್ಲು ಕೂಡುವ ರೀತಿ ಬದಲಾದರೆ ನಿಲ್ಲಿಸಿ ತೋರಿಸಿ.

ಇಷ್ಟಕ್ಕೂ ಬಗ್ಗದೆ ಬಾಯಿ ತೆರೆಯಲು ತಡೆ, ನೋವು ಮುಂದುವರಿದರೆ ಸೂಜಿ ಹಾಕಿ ಕೀಲಿನ ಒಳಗೆ ತೊಳೆಯುವ ಚಿಕಿತ್ಸೆ ಇದೆ. 1991ರಿಂದ ಬಳಕೆಯಲ್ಲಿದೆ, ಕೊಯ್ಯುವುದಿಲ್ಲ. ಕೀಲು ತೆರೆದು ಮಾಡುವ ಆಪರೇಷನ್ ಬೇಕಾಗುವುದು ಕೆಲವೇ ಜನರಿಗೆ, ಅಂಟಿಕೊಂಡ ಕೀಲು, ಗಡ್ಡೆ, ಪೂರ್ತಿ ಹಾಳಾದ ಕೀಲು ಇದ್ದಾಗ. ಬರೀ ನೋವಿಗೆ ಆಪರೇಷನ್ ಅಂದರೆ ಇನ್ನೊಬ್ಬ ತಜ್ಞರನ್ನು ಕೇಳದೆ ಸಹಿ ಹಾಕಬೇಡಿ.

ಡಾಕ್ಟರ ಬಳಿ ಹೋಗುವಾಗ ಕನ್ನಡಿ ಮುಂದೆ ಬರೆದ ಚೀಟಿ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ಎಕ್ಸ್-ರೇ ಒಯ್ಯಿರಿ. ಅಡಿಕೆ, ಗುಟ್ಕಾ ಅಭ್ಯಾಸ ಇದ್ದರೆ ಮನೆಯವರು ಪಕ್ಕದಲ್ಲಿದ್ದರೂ ಮುಚ್ಚಿಡದೆ ಹೇಳಿ. ಯಾವ ಚಿಕಿತ್ಸೆ ಹೇಳಿದರೂ ಎರಡು ಪ್ರಶ್ನೆ ಕೇಳಿ: ಇದನ್ನು ಬೇಡ ಅನ್ನಿಸಿದಾಗ ನಿಲ್ಲಿಸಬಹುದಾ? ಇದಕ್ಕಿಂತ ಸರಳವಾದದ್ದನ್ನು ಮೊದಲು ಮಾಡಿ ನೋಡಬಹುದಾ?